ಎರಡೂವರೆ ಅಡಿ

ಉಡಿಗಾಲದ ಮಾರಯ್ಯನಿಗೆ, ಗುಂಡ್ಲುಪೇಟೆಯಿಂದ ನಿನ್ನ ಭಾವ ಬರೆಯುವುದು.

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿನ್ನ ಅಕ್ಕ ಸುಂದ್ರಮ್ಮ. ಫೋನು ಮಾಡುತ್ತೇನೆ ಅಂದರೆ, "ಬ್ಯಾಡ, ಎರಡ್ನೇ ಮಾತ್ಗೇ ರೇಗ್ತೀಯ, ಬರಿ" ಅನ್ನುತ್ತಾಳೆ. ಮುಗಿಸುವ ತನಕ ಕಾಫಿಯೂ ಇಲ್ಲವಂತೆ.

ಹೋದ ವರ್ಷ ಚಾಮರಾಜನಗರದ ಟೆಲಿಫೋನ್ ಆಫೀಸಿನ ಸ್ವಿಚ್ಚು ಪೆಟ್ಟಿಗೆಗೂ ಇಲ್ಲಿಯದಕ್ಕೂ ಫೈಬರ್ ಕೇಬಲ್ ಎಳೆದೆವಲ್ಲ. ಆ ಕಡೆಯಿಂದ ನಿನ್ನ ಆಳುಗಳು, ಈ ಕಡೆಯಿಂದ ನನ್ನವರು ತೋಡಿಕೊಂಡು ಬಂದು ತೆರಕಣಾಂಬಿ ಹತ್ತಿರ ಸೇರಿದೆವು. ಇಲ್ಲಿಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿದಾಗ ನೀನು, "ಕೂದ್ಲಷ್ಟು ಗಾಜ್ನೊಳ್ಗೆ ಬೆಳ್ಕು ಆಗ್ಲೇ ಬಂದ್ಬುಡ್ತಲ್ಲ ಭಾವ, ನಾವಾದ್ರೆ ಬಸ್ಸಲ್ಲಿ ಒಂದ್ ಗಂಟೆ ನಿಂತ್ಕಂಡ್ ಬರ್ಬೇಕು" ಅಂದು ನಗಿಸಿದೆ.

ಹೋದ ಗೌರಿ ಹಬ್ಬಕ್ಕೆ ಮುಂಚೆ ಆ ದೀಪ ಆರಿತು. ಇಂಜಿನಿಯರ್ ಶಶಿಕುಮಾರ ಸಾಹೇಬರ ಮುಂದೆ, ಆಳುಗಳೆಲ್ಲ ಕೇಳುವ ಹಾಗೆ, "ಮಾರಯ್ಯನ್ ಕಡೆ ಬಂಡೆ ಸಾರ್, ಐದಡಿ ತೋಡಿಲ್ಲ ಅವ್ನು, ಅಲ್ಲೇ ಕಿತ್ತೋಗಿರೋದು" ಅಂದುಬಿಟ್ಟೆ. ನೀನು "ನೋಡ್ದೆ ಯೇಳ್ಬ್ಯಾಡ ಭಾವ" ಅಂದೆ, ಅಷ್ಟೆ. ಗುದ್ದಲಿ ಕೆಳಗಿಟ್ಟು ಬಸ್ಸು ಹತ್ತಿದೆ.

ಮಧ್ಯಾಹ್ನ ಸಾಹೇಬರು ಮಿಷನ್ನು ಹಚ್ಚಿದರು. ಕೇಬಲ್ಲಿನೊಳಗೆ ಬೆಳಕು ಬಿಟ್ಟು, ಎಷ್ಟು ದೂರದಲ್ಲಿ ತುಂಡಾಗಿದೆ ಅಂತ ಅದು ಹೇಳುತ್ತದೆ. ಗುಂಡ್ಲುಪೇಟೆಯಿಂದ ಆರು ಕಿಲೋಮೀಟರ್ ಅಂದಿತು. ನನ್ನ ಭಾಗ. ಹೋಗಿ ನೋಡಿದರೆ, ಹುಣಸೆಮರದ ಪಕ್ಕ ಚರಂಡಿ ತೆಗೆದ ಜೆಸಿಬಿಗೆ ಸಿಕ್ಕಿತ್ತು. ಅಲ್ಲಿ ಎರಡೂವರೆ ಅಡಿಗೇ ಇತ್ತು ಕೇಬಲ್ಲು.

ಆ ಜಾಗ ನಿನಗೆ ಗೊತ್ತು. ಅಲ್ಲಿ ತೋಡುವಾಗ ನಾನು ಸೊಂಟ ಹಿಡಿದುಕೊಂಡು ಕೂತಿದ್ದಾಗ ನೀನು ನಿನ್ನ ಕೆಲಸ ಬಿಟ್ಟು ಊಟ ತಂದಿದ್ದೆ. "ಬುಡು ಭಾವ, ನಾಳೀಕೆ ನಾನೇ ಬಂದು ತೋಡ್ತೀನಿ" ಅಂದೆ. ಭಾಮೈದನ ಕೈಲಿ ತೋಡಿಸಿಕೊಳ್ಳಬೇಕಾ ಅಂತ, ನೀನು ಹೋದಮೇಲೆ ಕೇಬಲ್ಲು ಇಳಿಸಿ ಮಣ್ಣು ಎಳೆದುಬಿಟ್ಟೆ. ಮಾರನೆಯ ದಿನ ನೀನು ಬಂದೆ. ಮುಚ್ಚಿದ ಗುಂಡಿ ನೋಡಿದೆ, ನನ್ನ ಮುಖ ನೋಡಿದೆ, ವಾಪಸ್ಸು ಹೋದೆ. ಅಂದರೆ ಅವತ್ತು ಸಾಹೇಬರ ಮುಂದೆ ನಿಂತಾಗಲೂ ನಿನಗೆ ಅದು ಗೊತ್ತಿತ್ತು. ಬಾಯಿ ಬಿಡಲಿಲ್ಲ. ವರ್ಷದಿಂದ ಅದೇ ನನ್ನನ್ನು ತಿನ್ನುತ್ತಿದೆ ಕಣ್ಲಾ.

ತಪ್ಪು ನನ್ನದು. ನಿನ್ನೆ ಸಾಹೇಬರ ಮುಂದೆ, ಅದೇ ಆಳುಗಳು ಕೇಳುವ ಹಾಗೆ ಹೇಳಿ ಬಂದಿದ್ದೇನೆ.

ಹೋದ ಗೌರಿಗೆ ನೀನು ಬಾಗಿನ ತರಲಿಲ್ಲ. ಚಾಮರಾಜನಗರದ ಬಸ್ಸು ಬರುವ ಹೊತ್ತಿಗೆಲ್ಲ ನಿನ್ನ ಅಕ್ಕ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಮೂರು ಬಸ್ಸು ಬಂದು ಹೋದವು.

ನಿನ್ನ ಗುದ್ದಲಿ ನಮ್ಮ ಮನೆಯಲ್ಲೇ ಇದೆ. ಹೊಸ ಮರದ ಕಾವು ಹಾಕಿಸಿದ್ದೇನೆ. ನೀನೂ ಮಕ್ಕಳೂ ತಣ್ಣಗಿರಿ.

ನಿನ್ನ ಭಾವ,
ಶಿವಸ್ವಾಮಿ

ಈ ಗೌರಿಗೆ ಬಾಗಿನ ತರುತ್ತೀಯೋ ಇಲ್ಲವೋ, ಶ್ರಾವಣದ ಕಡೇ ಸೋಮವಾರದೊಳಗೆ ಉತ್ತರ ಬರಬೇಕು.