ಭಾವನ ಕಿವಿ

ನವೆಂಬರ್ ೮, ಶನಿವಾರ

ಭಾವನ ಪ್ರವಚನ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಮನೆಯ ಸಿಡಿಗಳಲ್ಲಿರುವುದನ್ನೆಲ್ಲ ಇಳಿಸಿಟ್ಟುಕೊಂಡು ಯಾವ ಕೋಣೆಯಲ್ಲಾದರೂ ಹಾಡು ಕೇಳಬೇಕೆಂಬುದು ಇವರ ಆಸೆ. ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಸಾಧಾರಣ ಸಿಡಿ ಡ್ರೈವ್ ಸಾಕಿತ್ತು. ಆದರೆ ಅಣ್ಣ ಹೇಳಿದ್ದೇ ಇವರಿಗೆ ವೇದವಾಕ್ಯ. ಸಿಡಿ ನುಂಗಿ ತಾನೇ ಹಾಡು ಹಂಚುವ ದುಬಾರಿ ಪೆಟ್ಟಿಗೆಯೊಂದು ಇಂದು ಮೇಜಿನ ಮೇಲೆ ಬಂದು ಕೂತಿದೆ.

“ಡ್ರೈವ್‌ನಲ್ಲಿ ಇಳಿಸಿದ್ರೆ ಮೇಲಿನ ಸ್ವರ ಎಲ್ಲ ಸತ್ತುಹೋಗುತ್ತೆ. ನಿಂಗೆ ಅದು ಗೊತ್ತಾಗಲ್ಲ ಬಿಡಮ್ಮ,” ಅಂದರು ಭಾವ.

ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಜನರ ಕಿವಿ ಪರೀಕ್ಷೆ ಮಾಡುವ ನನಗೆ ಈ ಮಾತು. ಒಮ್ಮೆ ಬಂದು ತೋರಿಸಿಕೊಳ್ಳಿ ಎಂದು ಹೋದ ವರ್ಷವೇ ಹೇಳಿದ್ದೆ. “ನನ್ನ ಕಿವಿಗೇನಾಗಿದೆ?” ಎಂದು ನಕ್ಕಿದ್ದರು.

ಸಂಜೆ ತಾವೇ ಮೊದಲ ಸಿಡಿ ಹಾಕಿದರು. ಇಳಿಸಿ ಮುಗಿದ ಮೇಲೆ, ಸಿಡಿ ತೆಗೆಯುವವರೆಗೂ ಪೆಟ್ಟಿಗೆ ಕೀಂಗುಟ್ಟುತ್ತದಂತೆ. ಅದರ ಬಗ್ಗೆಯೂ ಒಂದು ಉಪನ್ಯಾಸವಾಯಿತು.

ಕೀಂ ಅಂದಿತು. ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಈಚೆ ಬಂದೆ. ಇವರು ತಲೆ ಎತ್ತಿ ನನ್ನ ಮುಖ ನೋಡಿದರು. ಭಾವ ಮಾತ್ರ ಪೆಟ್ಟಿಗೆಗೆ ಅಂಟಿಕೊಂಡು, ಕಿವಿ ನಿಮಿರಿಸಿ ಕೂತೇ ಇದ್ದರು. ಹೇಳೋಣವೆಂದು ಬಾಯಿ ತೆರೆದೆ.

“ಶ್, ಮಾತಾಡ್ಬೇಡ. ಈಗ ಕೂಗುತ್ತೆ, ಕೇಳು,” ಅಂದರು.

ಅದು ಕೂಗುತ್ತಲೇ ಇತ್ತು.