ಹಬ್ಬದ ದಿನ ಬಾಗಿಲು ಹಾಕುವಂತಿಲ್ಲ

ನವೆಂಬರ್ ೬, ಬೆಳಿಗ್ಗೆ ೭

ಹಲ್ಲುಜ್ಜುವ ಚಿತ್ರ. ಅಂಗಿಯ ಚಿತ್ರ. ಹಾಲಿನ ಚಿತ್ರ. ಡಾಕ್ಟರು ಹೇಳಿದಂತೆ ಫ್ರಿಜ್ಜಿನ ಮೇಲೆ ಸಾಲಾಗಿ ಅಂಟಿಸಿದ್ದೇನೆ. ಇವತ್ತು ಮಗಳು ದುನ್ಯಾ ಹಾಲಿನ ಚಿತ್ರ ಕಿತ್ತು ತಂದು ನನ್ನ ಕೈಗಿಟ್ಟಳು. ಕೇಳಿದಳು! ನಾಲ್ಕು ವರ್ಷದಲ್ಲಿ ಮೊದಲ ಸಲ, ಕಿರುಚದೆ. ಒಲೆಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹಾಲು ಉಕ್ಕಿಹೋಯಿತು.

ಡಾಕ್ಟರು ಬರೆದುಕೊಟ್ಟ ಕಾಗದ ಇನ್ನೂ ಪರ್ಸಿನಲ್ಲೇ ಇದೆ. ಆಟಿಸಂ. ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ವೆಲ್ಕೊ ಬೇಡ ಅಂದ. ನನಗೂ ಬಾಯಿ ಬರಲಿಲ್ಲ... ತಪ್ಪೆಲ್ಲ ಗಂಡನ ಮೇಲೆ ಹಾಕಿದರೆ ಸುಳ್ಳಾಗುತ್ತದೆ.

ನವೆಂಬರ್ ೧೧

ಡಾಕ್ಟರು ಹೇಳಿದ ಇನ್ನೊಂದು ಮಾತು ತಲೆಯಿಂದ ಹೋಗುತ್ತಿಲ್ಲ. "ಕೆಲವು ಮಕ್ಕಳು ಇದ್ದಕ್ಕಿದ್ದ ಹಾಗೆ ಹೊರಟುಬಿಡ್ತಾರೆ ನೋಡಿ. ಕೂಗಿದ್ರೆ ತಿರುಗಲ್ಲ. ನೀರು ಕಂಡ್ರಂತೂ ಮುಗೀತು, ಆ ಕಡೆಗೇ." ನಮ್ಮ ಬೀದಿ ಮುಗಿಯುವುದೇ ಡಾನ್ಯೂಬಿನ ದಂಡೆಯಲ್ಲಿ.

ಬಾಗಿಲಿಗೆ ಬೀಗ. ಕೀಲಿ ನನ್ನ ಕೊರಳಲ್ಲಿ. ಸ್ನಾನಕ್ಕೆ ಹೋದರೂ ತೆಗೆಯುವುದಿಲ್ಲ. ವೆಲ್ಕೊ ನಗುತ್ತಾನೆ — ಖಜಾನೆ ಕಾಯ್ತಿದೀಯಾ ಅಂತ. ನಗಲಿ.

ನವೆಂಬರ್ ೧೮

ಹಳ್ಳಿಯಿಂದ ಅತ್ತೆ ಬಂದರು. ಮೂರು ದಿನಕ್ಕೆ ಸ್ಲಾವಾ, ಮನೆತನದ ಸಂತನ ಹಬ್ಬ. ಬೀದಿಯ ಅರ್ಧ ಮನೆಗಳಿಗೆ ಅದೇ ಸಂತ, ಅದೇ ದಿನ. ಬಂದವರೇ ಬೀಗ ನೋಡಿದರು.

"ಏನೇ ಯಾಸ್ನಾ, ಮನೆಯೋ ಜೈಲೋ ಇದು?"

ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ.

"ಥೂ ಬಿಡ್ತು ಅನ್ನು! ಇವಳಪ್ಪನೂ ನಾಲ್ಕು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಈಗ ಮುಚ್ಚಿಸು ನೋಡೋಣ. ಹಬ್ಬಕ್ಕೆ ಯಾರನ್ನೂ ಕರೆಯಲ್ಲ, ಬಂದೋರನ್ನ ಯಾರು ಅಂತ ಕೇಳಲ್ಲ, ಬಾಗಿಲು ಹಾಕಲ್ಲ. ನನ್ನತ್ತೆ ಕಾಲದಲ್ಲೂ ಹಾಕಿಲ್ಲ. ಕೊಡಿಲ್ಲಿ ಕೀಲಿ."

ವೆಲ್ಕೊ ತನ್ನ ಶೂ ನೋಡುತ್ತ ನಿಂತ. ಒಂದು ದಿನ ತಾನೇ ಅಂದುಕೊಂಡೆ. ಕೊಟ್ಟೆ.

ನವೆಂಬರ್ ೨೧, ಮಧ್ಯಾಹ್ನ ೧೨.೩೦

ಬೆಳಿಗ್ಗೆಯೇ ಮೇಣದಬತ್ತಿ ಹಚ್ಚಿದ್ದಾಯಿತು. ಸಿಹಿ ಗೋಧಿ, ಹಬ್ಬದ ರೊಟ್ಟಿ, ಎಲೆಕೋಸಿನ ಸುರುಳಿ. ಒಳಗೆ ಇಪ್ಪತ್ತು ಜನ, ಇನ್ನೂ ಬರುತ್ತಲೇ ಇದ್ದಾರೆ. ವೆಲ್ಕೊ ಯಜಮಾನನಲ್ಲವೇ, ಕೂರುವ ಹಾಗಿಲ್ಲ, ನಿಂತೇ ಬಡಿಸುತ್ತಿದ್ದಾನೆ. ದುನ್ಯಾ ಮೇಜಿನ ಕೆಳಗೆ, ಎರಡೂ ಕಿವಿ ಮುಚ್ಚಿಕೊಂಡು. ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡುತ್ತಿದ್ದೇನೆ. ಬರೆದರೆ ಸ್ವಲ್ಪ ಸಮಾಧಾನವಾದೀತೇನೋ ಅಂತ ಅಡುಗೆಮನೆಯಲ್ಲಿ ನಿಂತು ಇದನ್ನು... ಯಾರೋ ಕರೆಯುತ್ತಿದ್ದಾರೆ.

ನವೆಂಬರ್ ೨೩

ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ.

ಅವತ್ತು ಬಗ್ಗಿ ನೋಡಿದರೆ ಮೇಜಿನ ಕೆಳಗೆ ಇಲ್ಲ. ಕೋಟು ಗೂಟದಲ್ಲೇ ಇತ್ತು. ಬಾಗಿಲು ಹಾರು ಹೊಡೆದಿತ್ತು. ನಾನೂ ವೆಲ್ಕೊನೂ ಓಡಿದೆವು. ಹಬ್ಬದ ಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು. ಒಂದೊಂದರಲ್ಲೂ ಅವನು ಕೇಳಿದ, "ದಾರಿ ತಪ್ಪಿದ ಹುಡುಗಿ ಬಂದ್ಲಾ? ಅಳ್ತಾ ಇರ್ತಾಳೆ. ಹೆಸರು ಕೇಳಿದ್ರೆ ದುನ್ಯಾ ಅಂತಾಳೆ."

ಅವಳು ಅನ್ನುವುದಿಲ್ಲ. ಅಳುವುದೂ ಇಲ್ಲ. ಪಕ್ಕದಲ್ಲೇ ನಿಂತಿದ್ದೆ. ನೀಲಿ ಗೇಟಿನ ಮನೆಯಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಇಡೀ ಮೇಜಿನ ಜನ ನನ್ನನ್ನೇ ನೋಡಿದರು. ಮುಚ್ಚಿಕೊಂಡೆ. "ಇಲ್ಲಪ್ಪಾ, ಅಳೋ ಮಗು ಯಾವುದೂ ಇಲ್ಲ" ಅಂದಳು ಆ ಮನೆಯಾಕೆ. ಆಕೆಯ ಒಳಕೋಣೆಯಲ್ಲಿ ನನ್ನ ಮಗಳು ಅಕ್ರೋಟುಗಳನ್ನು ಸಾಲಾಗಿ ಜೋಡಿಸುತ್ತ ಕೂತಿದ್ದಳು! ಬಂದವರಲ್ಲಿ ಯಾರದೋ ಮಗು ಅಂದುಕೊಂಡಿದ್ದರು. ಹಬ್ಬದ ದಿನ ಯಾರ ಮಗು ಅಂತ ಕೇಳುವುದುಂಟೇ?

ನಾವು ನದಿಗೆ ಹೋದೆವು. ಮೂರು ಗಂಟೆ ಹೊತ್ತು ಹುಡುಕಿದೆವು. ಗಂಡಸರು ದೋಣಿಯಲ್ಲಿ ನಿಂತು ಉದ್ದನೆಯ ಗಳಗಳಿಂದ ನೀರು ಕೆದಕಿದರು. ಗಳಕ್ಕೆ ಏನಾದರೂ ತಗುಲಿದಾಗಲೆಲ್ಲ... ಬರೆಯಲಾರೆ.

ಸಂಜೆ ನೀಲಿ ಗೇಟಿನ ಮನೆಯ ನೆಂಟರೆಲ್ಲ ಹೋದ ಮೇಲೆ ಒಂದು ಮಗು ಉಳಿಯಿತಂತೆ. ಆ ಹೆಂಗಸೇ ಕರೆತಂದಳು. "ಯಾಕೆ ತಾಯೀ, ಮಾತಾಡಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ಲೇ ಕೈಗೆ ಕೊಡ್ತಿದ್ನಲ್ಲ!"

ಅತ್ತೆ ನೆಲದ ಮೇಲೆ ಕುಸಿದರು. "ನನ್ ಬಾಯಿಗೆ ಮಣ್ಣು ಬೀಳ್ಲಿ" ಅಂತ ಒಂದೇ ಸಮನೆ ಗೋಳಾಡಿದರು. ಬಯ್ಯುವುದಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ. ಬಯ್ಯುವ ಮುಖ ನನಗೆಲ್ಲಿದೆ?

ನವೆಂಬರ್ ೨೭, ಮಧ್ಯಾಹ್ನ ೩

ಇಪ್ಪತ್ತೊಂದು ಮನೆ ಆಯಿತು. ಪ್ರತಿ ಬಾಗಿಲಲ್ಲೂ ಅದೇ ಮಾತು. ನನ್ನ ಮಗಳಿಗೆ ಆಟಿಸಂ ಇದೆ. ಮಾತಾಡಲ್ಲ. ಕೈ ಹಿಡಿದು ಎಳೀಬೇಡಿ, ಪಕ್ಕದಲ್ಲಿ ನಡೀರಿ, ನನಗೆ ಫೋನ್ ಮಾಡಿ. ಒಬ್ಬಳು ತನ್ನ ಮಗನನ್ನು ಹಿಂದಕ್ಕೆ ಎಳೆದುಕೊಂಡಳು, ಅಂಟು ರೋಗವೋ ಎಂಬಂತೆ. ಒಬ್ಬ ಮುದುಕ ಒಂದು ಲೋಟ ಪ್ಲಮ್ ಸಾರಾಯಿ ಬಗ್ಗಿಸಿ ಕೊಟ್ಟ. ಕುಡಿದೆ.

ಕೊನೆಗೆ ಬೀದಿ ನದಿಗೆ ಮುಟ್ಟುವ ಮೂಲೆಯ ಬೇಕರಿ. ಮಿಲೆವಾ. ಅವಳ ನಾಯಿ ನಮ್ಮ ಕೋಳಿ ತಿಂದಾಗಿನಿಂದ ಮೂರು ವರ್ಷ ಮಾತು ಬಿಟ್ಟಿದ್ದೇವೆ. ಪೂರ್ತಿ ಕೇಳಿಸಿಕೊಂಡಳು. ಹಿಟ್ಟಿನ ಕೈಯಲ್ಲೇ ಗೋಡೆಯ ಮೇಲೆ ನನ್ನ ನಂಬರು ಬರೆದುಕೊಂಡಳು. ತನ್ನದನ್ನೂ ಕೊಟ್ಟಳು.

"ನಿನ್ ಹುಡುಗಿ ಕಂಡ್ರೆ ಮಾಡ್ತೀನಿ. ಬೇರೆ ಯಾವುದಕ್ಕೂ ಮಾಡಲ್ಲ, ತಿಳ್ಕೋ. ಆ ಕೋಳಿ ಜಗಳ ಹಾಗೇ ಇದೆ."

ನಗು ಬಂತು. ಎಷ್ಟು ದಿನವಾಗಿತ್ತು ನಕ್ಕು.

ಮನೆಗೆ ಬಂದಾಗ ದುನ್ಯಾ ಅತ್ತೆಯ ಪಕ್ಕದಲ್ಲಿ ಮಲಗಿದ್ದಳು. ಹೊದಿಕೆ ಸರಿಮಾಡಿ ಇಲ್ಲಿ ಬಂದು ಕೂತೆ. ವೆಲ್ಕೊ ಬಾಗಿಲ ಬೀಗ ತೆಗೆದು ಸೌದೆ ತರಲು ಹಿತ್ತಿಲಿಗೂ ಮನೆಗೂ ಓಡಾಡುತ್ತಿದ್ದಾನೆ. ಒಳಗಿಂದ ಅತ್ತೆಯ ಗೊರಕೆ ಕೇಳುತ್ತಿದೆ. ಭಯ ಹೋಗಿದೆ ಅನ್ನಲಾರೆ. ಆದರೆ ಇವತ್ತು ಹೊಟ್ಟೆ ತುಂಬ ಉಂಡೆ.

ಫೋನು. ಮಿಲೆವಾಳ ನಂಬರು.

ದುನ್ಯಾ ಒಳಗೆ ಮಲಗಿ—