ಗಂಡನನ್ನು ಹೊರಗೆ ಕೂರಿಸಿ

ಇಸವಿ ಎರಡು ಸಾವಿರದ ನೂರ ಇಪ್ಪತ್ತೊಂದು, ಹದಿಮೂರನೆಯ ತಿಂಗಳು

ತಾಲ್ಲೂಕು ಆಸ್ಪತ್ರೆಯ ಡಾಕ್ಟರರಿಗೂ ಸಿಸ್ಟರಿಗೂ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ನಿಮ್ಮ ಕನ್ನಡ ನನಗೆ ಅಜ್ಜಿಯ ಬಾಯಿಂದ ಬಂದದ್ದು. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನನ್ನ ಹೆಸರು ಇಳಾ. ಇಲ್ಲಿ ನಾನು ಆರೈಕೆಗಾರ್ತಿ, ಅಂದರೆ ನಿಮ್ಮ ಸಿಸ್ಟರ್ ಮಾಡುವ ಕೆಲಸವೇ ನನ್ನದು.

ನಮ್ಮ ಪ್ರತಿ ಆಸ್ಪತ್ರೆಯ ಮುಂದೆ ಒಂದು ಶೇಂಗಾಕಟ್ಟೆ ಇರುತ್ತದೆ. ರೋಗಿಯ ಜೊತೆ ಬಂದವರು, ಗಂಡನಿರಲಿ, ಅತ್ತೆಯಿರಲಿ, ಊರಿನ ಹಿರಿಯನೇ ಇರಲಿ, ಅಲ್ಲಿ ಕುಳಿತು ಒಂದು ಮೊರ ಶೇಂಗಾ ಸುಲಿಯಬೇಕು. ಕಾಳು ಆಸ್ಪತ್ರೆಯ ಅಡುಗೆಮನೆಗೆ ಹೋಗುತ್ತದೆ. ಅಷ್ಟರಲ್ಲಿ ಒಳಗೆ ರೋಗಿಯ ಹತ್ತಿರ ನಾವಷ್ಟೇ ಕುಳಿತು ಕೇಳುತ್ತೇವೆ: ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಯಾರದಾದರೂ ಹೆದರಿಕೆ ಇದೆಯೇ? ನೆಗಡಿಗೆ ಬಂದವರನ್ನೂ ಕೇಳುತ್ತೇವೆ. ಎಲ್ಲರನ್ನೂ ಕೇಳುವುದರಿಂದ ನನ್ನ ಹೆಂಡತಿಯನ್ನೇ ಯಾಕೆ ಕೇಳಿದಿರಿ ಎಂದು ಯಾವ ಗಂಡನೂ ಮೀಸೆ ತಿರುವುವಂತಿಲ್ಲ. ಅವಳು ಹೇಳಿದ್ದು ಹೊರಗೆ ಹೋಗುವುದಿಲ್ಲ. ಉಳಿಯುತ್ತೇನೆ ಎಂದರೆ ಅವಳಿಗೂ ಮಕ್ಕಳಿಗೂ ಹಾಸಿಗೆ ಸಿದ್ಧವಿರುತ್ತದೆ. ಇದಕ್ಕೆ ಯಂತ್ರ ಬೇಕಿಲ್ಲ, ಹೊಸ ಔಷಧಿಯೂ ಬೇಕಿಲ್ಲ. ನೀವೂ ಇದನ್ನು ಮಾಡಬಹುದಿತ್ತು, ಮಾಡಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನನ್ನ ಮುತ್ತಜ್ಜಿ ಕಸ್ತೂರಿ ನಿಮ್ಮಲ್ಲಿಗೇ ಬಂದಿದ್ದಳು. ಮಣಿಕಟ್ಟು ಮುರಿದಿತ್ತು, ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳಿದ್ದವು. ಮಗಳು ಪ್ರಣೀತಾ, ಅಂದರೆ ನನ್ನ ಅಜ್ಜಿ, ಆಗ ಇನ್ನೂ ಶಾಲೆಗೆ ಸೇರದ ಕೂಸು; ತಾಯಿಯ ಸೆರಗು ಹಿಡಿದು ನಿಂತು ಎಲ್ಲವನ್ನೂ ನೋಡಿದಳು, ಸಾಯುವ ತನಕ ಮರೆಯಲಿಲ್ಲ. ಡಾಕ್ಟರರೇ, ಏನಾಯಿತು ಎಂದು ನೀವು ಕೇಳಿದ್ದು ಗಂಡನನ್ನು! ಅವನು, "ಬಚ್ಚಲದಾಗ ಜಾರಿ ಬಿದ್ದಾಳ್ರೀ ಸರ" ಅಂದ. ನೀವು ಅವಳ ಕಡೆ ತಿರುಗಿ, "ನೋಡಿಕೊಂಡು ಅಡ್ಡಾಡಬೇಕವಾ" ಅಂದಿರಿ. ಬಚ್ಚಲಿಗೆ ಬೆರಳಿವೆಯೇ, ಸ್ವಾಮಿ? ಕುತ್ತಿಗೆ ಹಿಸುಕುವ ಬಚ್ಚಲನ್ನು ನೀವು ಎಲ್ಲಿ ಕಂಡಿರಿ?

ಸಿಸ್ಟರ್, ನಿಮಗೆ ಗೊತ್ತಾಗಿತ್ತು. ಪಟ್ಟಿ ಕಟ್ಟುತ್ತ ಅವಳ ಕಿವಿಯ ಹತ್ತಿರ ಬಾಗಿ, "ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ. ಹೊಂದ್ಕೊಂಡು ಹೋಗವಾ" ಅಂದಿರಿ. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆ ಗಾದೆಯನ್ನು ಗುಳಿಗೆ ಕೊಟ್ಟಷ್ಟು ಸಲೀಸಾಗಿ ಕೊಟ್ಟಿರಿ. ಹೊರಗೆ ಸರದಿ ಉದ್ದವಿತ್ತು, ಪೊಲೀಸ್ ಕೇಸಾದರೆ ಕೋರ್ಟಿಗೆ ಅಲೆಯಬೇಕಿತ್ತು, ಅದು ಅವರ ಮನೆಯ ವಿಷಯವಾಗಿತ್ತು. ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ, ನಾನೂ ಇದೇ ಕೆಲಸದವಳು. ಆದರೆ ಅವಳು ಅದೇ ಮನೆಗೆ, ಅವನ ಬೈಕಿನ ಹಿಂದೆಯೇ ಕುಳಿತು ಹೋದಳು.

ಎರಡನೆಯ ಸಲ ಪಕ್ಕೆಲುಬು ಮುರಿದುಕೊಂಡು ಬಂದಳು. ಆಗಲೂ ಉತ್ತರ ಕೊಟ್ಟವನು ಅವನೇ. ಮೂರನೆಯ ಸಲ ಅವಳನ್ನು ಹೊತ್ತು ತಂದರು. ಆಗ ಅವಳಿಗೆ ಇಪ್ಪತ್ತಾರು. ಅವತ್ತು ನೀವಿಬ್ಬರೂ ಅತ್ತಿರಂತೆ. ಅಜ್ಜಿ ಆ ಅಳುವನ್ನು ಕೊನೆಯವರೆಗೂ ಕ್ಷಮಿಸಲಿಲ್ಲ, ನಾನೂ ಕ್ಷಮಿಸಿಲ್ಲ.

ನನ್ನ ಲೆಕ್ಕ ತಪ್ಪದಿದ್ದರೆ ನಿಮ್ಮ ಕಾಲಕ್ಕೆ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ನಿಮಗೆ ಮೊದಲನೆಯ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಸಿಗುತ್ತದೆ. ಅಂದರೆ ಕಸ್ತೂರಿ ಇನ್ನೂ ಬದುಕಿದ್ದಾಳೆ. ಅವಳು ಮತ್ತೆ ನಿಮ್ಮಲ್ಲಿಗೆ ಬಂದಾಗ ಎಡಗೈಗೆ ನೀವೇ ಹಾಕಿದ ಪಟ್ಟಿ ಇನ್ನೂ ಇರುತ್ತದೆ, ಜೊತೆಗೆ ಕೂಸು ಇರುತ್ತದೆ. ಗಂಡನನ್ನು ಹೊರಗೆ ಕಳಿಸಿ; ಏನಾದರೂ ನೆಪ ಹೇಳಿ, ಅವನು ಹಾರಾಡಿದರೆ ಹಾರಾಡಲಿ. ಬಾಗಿಲು ಹಾಕಿ ಅವಳ ಪಕ್ಕ ಕುಳಿತುಕೊಳ್ಳಿ. ಮೊದಲ ಸಲಕ್ಕೇ ಅವಳು ಹೇಳಲಿಕ್ಕಿಲ್ಲ, ಬಚ್ಚಲೆಂದೇ ಅಂದಾಳು. ಬೈಯಬೇಡಿ, ಬುದ್ಧಿ ಹೇಳಬೇಡಿ. ತಪ್ಪು ನಿನ್ನದಲ್ಲ ಎನ್ನಿ. ಆಮೇಲೆ ಮನೆಗೆ ಕಳಿಸುವ ಮುನ್ನ, ಹೋಗಲು ಮನಸ್ಸಿದೆಯೋ ಇಲ್ಲವೋ ಎಂದು ಒಂದು ಸಲವಾದರೂ ಅವಳನ್ನೇ ಕೇಳಿ.

ಇಳಾ